ಹೀಟರ್ ಹಾಕಿದರೆ ಎಂಸಿಬಿ ಬೀಳುತ್ತದೆ, ದೊಡ್ಡದು ಹಾಕಿಸಬಹುದೇ?

ಪ್ರಶ್ನೆ: ಚಳಿಗೆಂದು ಈ ಸಲ ಎರಡು ರೂಮ್ ಹೀಟರ್ ತಂದಿದ್ದೇವೆ. ಹಾಲ್‌ನಲ್ಲಿ 2000 ವಾಟ್‌ನ ಫ್ಯಾನ್ ಹೀಟರ್, ಪಕ್ಕದ ಕೋಣೆಯಲ್ಲಿ ವಯಸ್ಸಾದ ಅಮ್ಮನಿಗೆ 1000 ವಾಟ್‌ನ ರಾಡ್ ಹೀಟರ್. ಹಾಲ್‌ನಲ್ಲಿ ಗೋಡೆಯ ಸಾಕೆಟ್ ದೂರವಿರುವುದರಿಂದ ಹೀಟರನ್ನು ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಹಾಕಿದ್ದೇವೆ. ಟಿವಿ, ಕಂಪ್ಯೂಟರ್ ಕೂಡ ಅದರಲ್ಲೇ ಇವೆ. ಎರಡೂ ಹೀಟರ್ ನಡೆಯುತ್ತಿರುವಾಗ ಇಸ್ತ್ರಿ ಮಾಡಲು ಹೋದರೆ ಕೆಲವು ಸಲ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಕಡಿಯುವ ಬೋರ್ಡ್‌ನ ಸ್ವಿಚ್) ಬೀಳುತ್ತದೆ, ಕೆಲವು ಸಲ ಏನೂ ಆಗುವುದಿಲ್ಲ. ಎಕ್ಸ್‌ಟೆನ್ಷನ್‌ನ ಪ್ಲಗ್ ಬಿಸಿಯಾಗುತ್ತದೆ. ಪರಿಚಯದವರೊಬ್ಬರು, ಹೀಟರ್ ಅಂದಮೇಲೆ ಅಷ್ಟು ಬಿಸಿ ಸಹಜ, ಬೋರ್ಡ್‌ನಲ್ಲಿರುವ 16 ಆಂಪಿಯರ್ ಎಂಸಿಬಿ ತೆಗೆಸಿ 32ರದ್ದು ಹಾಕಿಸಿಬಿಡಿ ಎನ್ನುತ್ತಾರೆ. ಹಾಕಿಸಬಹುದೇ? ಅಮ್ಮನ ಕೋಣೆಯಲ್ಲಿ ರಾತ್ರಿಯಿಡೀ ಹೀಟರ್ ಹಾಕಿಡಬಹುದೇ? ಹೀಟರ್ ಕೋಣೆಯ ಆಮ್ಲಜನಕವನ್ನು ಸುಟ್ಟುಬಿಡುತ್ತದೆ ಎನ್ನುವುದು ನಿಜವೇ?

ಉತ್ತರ: 32ರ ಎಂಸಿಬಿ ಖಂಡಿತ ಹಾಕಿಸಬೇಡಿ. ಮುಂದಿನದನ್ನು ಓದುವ ಮೊದಲು ಎದ್ದುಹೋಗಿ ಆ ಎಕ್ಸ್‌ಟೆನ್ಷನ್ ಬಾಕ್ಸ್‌ನಿಂದ ಹೀಟರನ್ನು ಬಿಡಿಸಿ ಬನ್ನಿ. ನಿಮ್ಮ ಪತ್ರದಲ್ಲಿ ನನಗೆ ಗಾಬರಿ ಹುಟ್ಟಿಸಿದ್ದು ಎಂಸಿಬಿಯ ವಿಷಯಕ್ಕಿಂತ ಹೆಚ್ಚಾಗಿ ಪ್ಲಗ್ ಬಿಸಿಯಾಗುತ್ತದೆ ಎಂಬ ಆ ಒಂದು ಸಾಲು. ಎಂಸಿಬಿ ಬೀಳುತ್ತಿದೆ ಎಂದರೆ ಅದು ತನ್ನ ಕೆಲಸ ಮಾಡುತ್ತಿದೆ. ಪ್ಲಗ್ ಬಿಸಿಯಾಗುವುದನ್ನು ನೋಡಿಕೊಳ್ಳುವವರು ಮಾತ್ರ ಬೋರ್ಡ್‌ನಲ್ಲಿ ಯಾರೂ ಇಲ್ಲ.

ಮೊದಲು ಎಂಸಿಬಿ ಒಮ್ಮೆ ಬಿದ್ದು ಒಮ್ಮೆ ಬೀಳದೇ ಇರುವುದು ಏಕೆಂದು ನೋಡೋಣ. ಲೆಕ್ಕ ಸುಲಭ: ವಾಟ್ ಅನ್ನು ವೋಲ್ಟ್‌ನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ನಿಮ್ಮ ಮನೆಯಲ್ಲಿ 230 ವೋಲ್ಟ್ ಎಂದು ಇಟ್ಟುಕೊಂಡರೆ 2000 ವಾಟ್‌ನ ಹೀಟರ್ 8.7 ಆಂಪಿಯರ್ ಎಳೆಯುತ್ತದೆ. 1000 ವಾಟ್‌ನ ರಾಡ್ ಹೀಟರ್ 4.35. ಇಸ್ತ್ರಿಪೆಟ್ಟಿಗೆಯೂ 1000 ವಾಟ್‌ನದೇ ಆಗಿದ್ದರೆ ಇನ್ನೊಂದು 4.35. ಟಿವಿ, ಕಂಪ್ಯೂಟರ್ ಸೇರಿ 300 ವಾಟ್ ಎಂದರೆ 1.3. ಎಲ್ಲ ಕೂಡಿದರೆ 18.7 ಆಂಪಿಯರ್. ನಿಮ್ಮ ಹಾಲ್ ಮತ್ತು ಅಮ್ಮನ ಕೋಣೆ ಎರಡೂ ಒಂದೇ ಎಂಸಿಬಿಯ ಕೆಳಗಿವೆ ಎನ್ನುವುದಕ್ಕೆ ಇದೇ ಸಾಕ್ಷಿ. ಬೇರೆ ಬೇರೆ ಲೈನ್‌ನಲ್ಲಿದ್ದಿದ್ದರೆ ಎರಡೂ ಆರಾಮವಾಗಿ ನಡೆಯುತ್ತಿದ್ದವು.

ಹಾಗಾದರೆ 16ರ ಎಂಸಿಬಿ 18.7 ಆಂಪಿಯರ್ ಹರಿದ ತಕ್ಷಣ ಏಕೆ ಬೀಳುವುದಿಲ್ಲ? 16 ಎಂದು ಬರೆದಿದ್ದರೆ 16 ದಾಟಿದ ಕ್ಷಣ ಕತ್ತರಿಸುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಹಾಗಲ್ಲ. ಎಂಸಿಬಿಯ ಒಳಗೆ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ. ಒಂದು, ಎರಡು ಲೋಹಗಳನ್ನು ಬೆಸೆದು ಮಾಡಿದ ಪಟ್ಟಿ. ಕರೆಂಟು ಹೆಚ್ಚಾದಂತೆ ಅದು ಕಾದು ನಿಧಾನವಾಗಿ ಬಾಗುತ್ತದೆ, ಬಾಗಿ ಬಾಗಿ ಕೊನೆಗೆ ಕೊಂಡಿ ಬಿಡಿಸುತ್ತದೆ. ಇದು ಓವರ್‌ಲೋಡ್‌ಗೆ. ಇನ್ನೊಂದು ವಿದ್ಯುತ್ ಕಾಂತ. ಶಾರ್ಟ್ ಆಗಿ ಒಮ್ಮೆಲೇ ಹಲವು ಪಟ್ಟು ಕರೆಂಟು ನುಗ್ಗಿದರೆ ಅದು ಕಣ್ಣು ಮಿಟುಕಿಸುವುದರೊಳಗೆ ಎಳೆದು ಬೀಳಿಸುತ್ತದೆ. ಮನೆಗಳ ಎಂಸಿಬಿಗೆ ಇರುವ ಅಂತರರಾಷ್ಟ್ರೀಯ ಮಾನದಂಡ ಐಇಸಿ 60898ರ ಪ್ರಕಾರ, ಬರೆದಿರುವ ಅಂಕಿಯ 1.13 ಪಟ್ಟು ಕರೆಂಟು ಹರಿದರೆ ಅದು ಒಂದು ಗಂಟೆಯವರೆಗೆ ಬೀಳಬಾರದು. 1.45 ಪಟ್ಟು ಹರಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು. 16ರ ಎಂಸಿಬಿಗೆ ಈ ಎರಡು ಅಂಕಿಗಳು ಸುಮಾರು 18 ಮತ್ತು 23 ಆಂಪಿಯರ್. ನಡುವೆ ಇರುವುದೆಲ್ಲ ಬೀಳಲೂಬಹುದು, ಬೀಳದೆಯೂ ಇರಬಹುದು. ನಿಮ್ಮ 18.7 ಸರಿಯಾಗಿ ಆ ನಡುವಿನಲ್ಲಿ ಕೂತಿದೆ. ಇಸ್ತ್ರಿಪೆಟ್ಟಿಗೆ ಕಾದ ಮೇಲೆ ತಾನೇ ಆಫ್ ಆಗಿ ಮತ್ತೆ ಆನ್ ಆಗುತ್ತಿರುತ್ತದೆ, ಹೀಟರ್‌ಗೆ ಥರ್ಮೋಸ್ಟಾಟ್ ಇದ್ದರೆ ಅದೂ ಹಾಗೆಯೇ. ಹೀಗಾಗಿ ಬೋರ್ಡ್‌ನೊಳಗಿನ ಪಟ್ಟಿ ಒಂದು ದಿನ ಪೂರ್ತಿ ಬಾಗುತ್ತದೆ, ಇನ್ನೊಂದು ದಿನ ಅರ್ಧ ಬಾಗಿ ತಣ್ಣಗಾಗುತ್ತದೆ. ಎಂಸಿಬಿ ಕೆಟ್ಟಿಲ್ಲ.

ಈಗ ಪರಿಚಯದವರ ಸಲಹೆಗೆ ಬರುತ್ತೇನೆ. ಎಂಸಿಬಿ ಇರುವುದು ಹೀಟರ್‌ನ ರಕ್ಷಣೆಗಲ್ಲ, ಗೋಡೆಯೊಳಗಿನ ವೈರಿನ ರಕ್ಷಣೆಗೆ. 16ರ ಎಂಸಿಬಿಯ ಹಿಂದೆ ಸಾಮಾನ್ಯವಾಗಿ 2.5 ಚದರ ಮಿಲಿಮೀಟರಿನ ತಾಮ್ರದ ವೈರ್ ಇರುತ್ತದೆ, ಹಳೆಯ ಮನೆಗಳಲ್ಲಿ 1.5 ಕೂಡ ಇರಬಹುದು. ಬರಿಗಾಳಿಯಲ್ಲಿ ನೇತಾಡುವ ವೈರ್ ಬೇರೆ, ಗೋಡೆಯೊಳಗಿನ ಪೈಪಿನಲ್ಲಿ ಇನ್ನೂ ನಾಲ್ಕಾರು ವೈರುಗಳ ಜೊತೆ ಒತ್ತಿಕೊಂಡಿರುವ ವೈರ್ ಬೇರೆ. ಅಲ್ಲಿ ಬಿಸಿ ಹೊರಹೋಗಲು ದಾರಿಯಿಲ್ಲ. ಸಾಮಾನ್ಯ ಪಿವಿಸಿ ಹೊದಿಕೆಗೆ ಗೊತ್ತುಮಾಡಿರುವ ಗರಿಷ್ಠ ತಾಪಮಾನ 70 ಡಿಗ್ರಿ ಸೆಲ್ಸಿಯಸ್. ವೈರಿನಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ: ಕರೆಂಟು ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಬ್ರಿಟಿಷ್ ಭೌತವಿಜ್ಞಾನಿ ಜೂಲ್ 1840ರ ದಶಕದ ಹೊತ್ತಿಗೆ ತೋರಿಸಿಕೊಟ್ಟ ಈ ನಿಯಮವೇ ಇವತ್ತಿನ ನಮ್ಮ ಇಡೀ ಮಾತುಕತೆಯ ತಿರುಳು. 32ರ ಎಂಸಿಬಿ ಹಾಕಿದಿರಿ ಎನ್ನಿ, 46 ಆಂಪಿಯರ್ ಹರಿದರೂ ಅದು ಬಹಳ ಹೊತ್ತು ಸುಮ್ಮನಿರಬಹುದು. ಅಷ್ಟರಲ್ಲಿ ವೈರಿನ ಹೊದಿಕೆ ಮೆತ್ತಗಾಗಿ, ಕರಗಿ, ಗೋಡೆಯೊಳಗೇ ವೈರುಗಳು ಒಂದಕ್ಕೊಂದು ತಾಗಿರುತ್ತವೆ. ಮೇಲಿನಿಂದ ಏನೂ ಕಾಣುವುದಿಲ್ಲ. ಎಂಸಿಬಿ ಬೀಳುವುದು ನಿಂತಿತಲ್ಲ ಎಂಬ ನೆಮ್ಮದಿ ಬೇರೆ. ವೈರ್ ಬದಲಾಯಿಸದೆ ಎಂಸಿಬಿಯನ್ನು ಮಾತ್ರ ದೊಡ್ಡದು ಮಾಡುವುದು ಮನೆಯವರ ಜೀವದ ಜೊತೆ ಆಡುವ ಆಟ. ಯಾವ ಎಲೆಕ್ಟ್ರಿಷಿಯನ್ ಇದನ್ನು ಮಾಡಿಕೊಡುತ್ತೇನೆಂದರೂ ಬೇಡವೆನ್ನಿ. ಹಳೆಯ ಕಾಲದ ಫ್ಯೂಸ್ ಇರುವವರು ಅದಕ್ಕೆ ದಪ್ಪ ತಂತಿ ಸುತ್ತುವುದೂ ಇದೇ ತಪ್ಪಿನ ಇನ್ನೊಂದು ರೂಪ.

ಇಷ್ಟು ಓವರ್‌ಲೋಡ್‌ನ ಮಾತಾಯಿತು. ಲೋಡ್ ಹೆಚ್ಚಿಲ್ಲ, ಎಂಸಿಬಿ ಬಿದ್ದಿಲ್ಲ, ಹಾಗಾಗಿ ಎಲ್ಲ ಸರಿಯಿದೆ ಎಂದುಕೊಳ್ಳುವವರಿಗೆ ಹೇಳಬೇಕಾದದ್ದು ಬೇರೆಯೇ ಇದೆ.

ಪ್ಲಗ್‌ನ ಪಿನ್ನು ಸಾಕೆಟ್‌ನೊಳಗೆ ಹೋಗಿ ಕೂರುವ ಜಾಗವನ್ನು ನೆನೆಯಿರಿ. ಒಳಗೆ ಹಿತ್ತಾಳೆಯ ಎರಡು ತಗಡುಗಳು ಸ್ಪ್ರಿಂಗಿನಂತೆ ಪಿನ್ನನ್ನು ಅದುಮಿ ಹಿಡಿದಿರುತ್ತವೆ. ಹೊಸದರಲ್ಲಿ ಹಿಡಿತ ಬಿಗಿ. ಅಲ್ಲಿ ಕರೆಂಟಿಗೆ ಸಿಗುವ ರೋಧ, ಅಂದರೆ ತಡೆ, ಒಂದು ಓಮ್‌ನ (ರೋಧವನ್ನು ಅಳೆಯುವ ಮಾನ) ಸಾವಿರದಲ್ಲಿ ಕೆಲವೇ ಭಾಗದಷ್ಟು ಮಾತ್ರ, 8.7 ಆಂಪಿಯರ್ ಹರಿದರೂ ಹುಟ್ಟುವ ಶಾಖ ಅರ್ಧ ವಾಟ್ ಕೂಡ ಇರುವುದಿಲ್ಲ. ವರ್ಷಗಟ್ಟಲೆ ಪ್ಲಗ್ ಹಾಕಿ ತೆಗೆದು ಆ ತಗಡು ಸಡಿಲವಾಗುತ್ತದೆ, ಪಿನ್ನಿನ ಮೇಲೆ ಕಪ್ಪು ಪದರ ಕಟ್ಟುತ್ತದೆ. ಅಲ್ಲಿಯ ರೋಧ ಅರ್ಧ ಓಮ್‌ಗೆ ಏರಿತು ಎನ್ನಿ. 2000 ವಾಟ್‌ನ ಹೀಟರಿನ ಸ್ವಂತ ರೋಧ ಸುಮಾರು 26 ಓಮ್. ಅದಕ್ಕೆ ಈ ಅರ್ಧ ಸೇರಿದರೆ ಒಟ್ಟು ಕರೆಂಟು 8.7ರಿಂದ 8.5ಕ್ಕೆ ಇಳಿಯುತ್ತದೆ. ಗಮನಿಸಿ, ಇಳಿಯುತ್ತದೆ. ಎಂಸಿಬಿಯ ಕಣ್ಣಿಗೆ ಲೋಡ್ ಕಡಿಮೆಯಾದಂತೆ ಕಾಣುತ್ತದೆ. ಆದರೆ ಆ ಅರ್ಧ ಓಮ್‌ನಲ್ಲಿ, ಉಗುರಿನಷ್ಟು ಜಾಗದಲ್ಲಿ, 36 ವಾಟ್ ಶಾಖ ಹುಟ್ಟುತ್ತಿರುತ್ತದೆ. ಎಲೆಕ್ಟ್ರಾನಿಕ್ಸ್ ರಿಪೇರಿಯವರು ಸೀಸ ಕರಗಿಸಲು ಬಳಸುವ ಸಣ್ಣ ಬೆಸುಗೆ ಕಡ್ಡಿ 25 ವಾಟ್‌ನದು. ಅದಕ್ಕಿಂತ ಹೆಚ್ಚು ಬಿಸಿಯ ಮೂಲವೊಂದನ್ನು ಪ್ಲಾಸ್ಟಿಕ್ಕಿನ ಡಬ್ಬಿಯೊಳಗೆ ಮುಚ್ಚಿಟ್ಟು, ಅದರ ಮುಂದೆ ಪರದೆ ಇಳಿಬಿಟ್ಟಂತೆ ಇದು.

ಅಷ್ಟಕ್ಕೇ ನಿಲ್ಲುವುದಿಲ್ಲ. ಬಿಸಿಯಾದ ಸ್ಪ್ರಿಂಗ್ ತಗಡು ತನ್ನ ಬಿಗಿ ಕಳೆದುಕೊಳ್ಳುತ್ತದೆ. ಹಿಡಿತ ಸಡಿಲವಾದರೆ ರೋಧ ಇನ್ನೂ ಏರುತ್ತದೆ, ರೋಧ ಏರಿದರೆ ಬಿಸಿ ಇನ್ನೂ ಹೆಚ್ಚುತ್ತದೆ. ಒಂದು ಇನ್ನೊಂದನ್ನು ಬೆಳೆಸುತ್ತಾ ಹೋಗುತ್ತದೆ. ಹೋದ ಚಳಿಗಾಲದಲ್ಲಿ ಉಗುರುಬೆಚ್ಚಗಿದ್ದ ಪ್ಲಗ್ ಈ ಚಳಿಗಾಲದಲ್ಲಿ ಕೈ ಸುಡುವುದು ಹೀಗೆ. ಫೋನ್ ಚಾರ್ಜರ್ ಹಾಕಿದರೆ ಇದೇ ಹಳೆಯ ಸಾಕೆಟ್ ಇನ್ನೂ ಎಷ್ಟೋ ವರ್ಷ ತೊಂದರೆ ಕೊಡುವುದಿಲ್ಲ, ಏಕೆಂದರೆ ಅಲ್ಲಿ ಹರಿಯುವ ಕರೆಂಟು ಅತ್ಯಲ್ಪ. ಕೆಟಲ್ ಹೆಚ್ಚು ಎಳೆದರೂ ಕೆಲವೇ ನಿಮಿಷದಲ್ಲಿ ಆಫ್ ಆಗುತ್ತದೆ. ಹೀಟರ್ ಮಾತ್ರ ಹೆಚ್ಚು ಕರೆಂಟನ್ನು ಗಂಟೆಗಟ್ಟಲೆ ಎಳೆಯುತ್ತದೆ. ಮನೆಯ ವೈರಿಂಗ್‌ನಲ್ಲಿ ಅಡಗಿರುವ ದೌರ್ಬಲ್ಯವೆಲ್ಲ ಹೊರಬೀಳುವುದು ಈ ಕಾರಣಕ್ಕೇ ಹೀಟರ್ ಹಾಕಿದಾಗ.

ಆದ್ದರಿಂದ ನಾನು ಎಲ್ಲರಿಗೂ ಹೇಳುವ ಪರೀಕ್ಷೆ ಒಂದಿದೆ. ಹೀಟರನ್ನು ಅರ್ಧ ಗಂಟೆ ನಡೆಸಿ. ಆಮೇಲೆ ಹೀಟರಿನದೇ ಬಟನ್‌ನಲ್ಲಿ ಮೊದಲು ಆಫ್ ಮಾಡಿ, ನಂತರ ಗೋಡೆಯ ಸ್ವಿಚ್ ಆಫ್ ಮಾಡಿ. ಈಗ ಪ್ಲಗ್‌ನ ಪ್ಲಾಸ್ಟಿಕ್ ಭಾಗದ ಮೇಲೆ ಕೈಯ ಹಿಂಬದಿಯನ್ನು ಇಡಿ. ಸ್ವಲ್ಪ ಬೆಚ್ಚಗಿದ್ದರೆ ಚಿಂತೆಯಿಲ್ಲ, 8–9 ಆಂಪಿಯರ್ ಹರಿಯುವಾಗ ಅಷ್ಟು ಇದ್ದದ್ದೇ. ನಾಲ್ಕೈದು ಸೆಕೆಂಡ್ ಕೈ ಇಟ್ಟುಕೊಳ್ಳಲು ಆಗುವುದಿಲ್ಲ ಎಂದಾದರೆ ಆ ಸಾಕೆಟ್ಟಿಗೆ ಹೀಟರ್ ಮತ್ತೆ ಹಾಕಬೇಡಿ. ಪ್ಲಗ್ ತೆಗೆದು ಪಿನ್ನುಗಳನ್ನು ನೋಡಿ, ತಕ್ಷಣ ಮುಟ್ಟಬೇಡಿ, ಅವು ಪ್ಲಾಸ್ಟಿಕ್ಕಿಗಿಂತ ಹೆಚ್ಚು ಕಾದಿರುತ್ತವೆ. ಮೂರರಲ್ಲಿ ಒಂದೇ ಪಿನ್ ಕಪ್ಪಾಗಿ, ಬಣ್ಣಗೆಟ್ಟು, ಅದರ ಬುಡದ ಪ್ಲಾಸ್ಟಿಕ್ ಕಂದು ತಿರುಗಿದ್ದರೆ ತೊಂದರೆ ಎಲ್ಲಿದೆ ಎಂದು ಅದೇ ಹೇಳುತ್ತದೆ. ಸಾಕೆಟ್‌ನ ತೂತಿನ ಅಂಚೂ ಹಳದಿ ಅಥವಾ ಕಂದು ಆಗಿರುತ್ತದೆ. ಬೆಂದ ಪ್ಲಾಸ್ಟಿಕ್ಕಿನ ವಾಸನೆ, ಕೆಲವೊಮ್ಮೆ ಮೀನಿನಂತಹ ಘಾಟು, ಸ್ವಿಚ್ ಬೋರ್ಡ್‌ನಿಂದ ಚರ್ರ್ ಎನ್ನುವ ಸಣ್ಣ ಸದ್ದು, ಹೀಟರ್ ಹಾಕಿದ ಕೂಡಲೇ ದೀಪ ಮಂಕಾಗುವುದು ಅಥವಾ ಮಿಣುಕುವುದು, ಇವೆಲ್ಲ ಅದೇ ಕಾಯಿಲೆಯ ಲಕ್ಷಣಗಳು. ಇಂಥ ಸಾಕೆಟ್ಟನ್ನು ಉಜ್ಜಿ, ಬಗ್ಗಿಸಿ ಸರಿಮಾಡಲು ಹೋಗಬೇಡಿ. ಸಾಕೆಟ್ ಮತ್ತು ಪ್ಲಗ್ ಎರಡನ್ನೂ ಒಟ್ಟಿಗೆ ಬದಲಾಯಿಸಿ. ಸುಟ್ಟ ಪಿನ್ನನ್ನು ಹೊಸ ಸಾಕೆಟ್ಟಿಗೆ ತುರುಕಿದರೆ ಹೊಸದೂ ಬೇಗನೆ ಹಾಳಾಗುತ್ತದೆ.

ಆಫ್ ಮಾಡುವ ಕ್ರಮ ಹೇಳಿದೆನಲ್ಲ, ಅದಕ್ಕೂ ಕಾರಣವಿದೆ. ಹೀಟರ್ ನಡೆಯುತ್ತಿರುವಾಗಲೇ ಪ್ಲಗ್ ಕಿತ್ತರೆ ಪಿನ್ನು ಮತ್ತು ತಗಡಿನ ನಡುವೆ ಕಿಡಿ ಹಾರುತ್ತದೆ. ಒಂದೊಂದು ಕಿಡಿಯೂ ಲೋಹದ ಮೇಲೆ ಸಣ್ಣ ಕುಳಿ ಮಾಡಿ ಹೋಗುತ್ತದೆ. ಫ್ಯಾನ್ ಹೀಟರ್ ಆದರೆ, ಬರೀ ಫ್ಯಾನ್ ನಡೆಯುವ ಆಯ್ಕೆ ಇದ್ದಲ್ಲಿ ಒಂದೆರಡು ನಿಮಿಷ ಫ್ಯಾನ್ ಮಾತ್ರ ಬಿಟ್ಟು ನಂತರ ಆಫ್ ಮಾಡಿ. ಕಾಯಿಲ್ ತಣಿಯುತ್ತದೆ, ಬಿಸಿ ಮಿತಿ ಮೀರಿದರೆ ಹೀಟರನ್ನು ಆಫ್ ಮಾಡುವ ಒಳಗಿನ ಸುರಕ್ಷಾ ಕಟೌಟ್ ವೃಥಾ ಬಿಸಿಯಾಗುವುದಿಲ್ಲ.

ಇನ್ನು ನಿಮ್ಮ ಎಕ್ಸ್‌ಟೆನ್ಷನ್ ಬಾಕ್ಸ್. ಗೋಡೆಯ ಸಾಕೆಟ್ಟಿನಲ್ಲಿ ಇದ್ದದ್ದು ಒಂದು ಜೋಡಣೆ. ಎಕ್ಸ್‌ಟೆನ್ಷನ್ ಹಾಕಿದರೆ ಗೋಡೆಯಲ್ಲಿ ಒಂದು, ಬಾಕ್ಸ್‌ನಲ್ಲಿ ಒಂದು, ಬಾಕ್ಸ್‌ನ ಸ್ವಿಚ್‌ನಲ್ಲಿ ಒಂದು, ಒಳಗೆ ವೈರನ್ನು ಬೆಸೆದ ಅಥವಾ ಸ್ಕ್ರೂ ಬಿಗಿದ ಜಾಗಗಳು ಇನ್ನಷ್ಟು. ಈಗ ಹೇಳಿದ ಅರ್ಧ ಓಮ್ ಎಲ್ಲಿ ಬೇಕಾದರೂ ಹುಟ್ಟಿಕೊಳ್ಳಬಹುದು. ವೈರ್ ತೆಳ್ಳಗಿದ್ದರೆ ಅದೂ ಬಿಸಿಯೇ. 0.75 ಚದರ ಮಿಲಿಮೀಟರಿನ, 5 ಮೀಟರ್ ಉದ್ದದ ತಾಮ್ರದ ವೈರಿನಲ್ಲಿ ಹೋಗಿ ಬರುವ ದಾರಿ ಸೇರಿ ಸುಮಾರು 0.23 ಓಮ್ ರೋಧವಿದೆ, ನಿಮ್ಮ ಹೀಟರಿಗೆ ಅದರಲ್ಲಿ 17 ವಾಟ್‌ನಷ್ಟು ಶಾಖ ಹುಟ್ಟುತ್ತದೆ. ನೆಲದ ಮೇಲೆ ಉದ್ದಕ್ಕೂ ಬಿದ್ದಿದ್ದರೆ ಅದು ಗಾಳಿಗೆ ಹೋಗುತ್ತದೆ. ಅಂದವಾಗಿ ಕಾಣಲೆಂದು ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಟ್ಟರೆ, ಅಥವಾ ಎಡವಬಾರದೆಂದು ಕಾರ್ಪೆಟ್ ಕೆಳಗೆ ತೂರಿಸಿದರೆ, ಅಷ್ಟೂ ಶಾಖ ಒಂದೇ ಕಡೆ ಕೂಡಿಕೊಳ್ಳುತ್ತದೆ. ರೀಲ್ ಮಾದರಿಯ ಕೆಲವು ಎಕ್ಸ್‌ಟೆನ್ಷನ್‌ಗಳ ಮೇಲೆ ಎರಡು ಅಂಕಿ ಬರೆದಿರುವುದನ್ನು ನೋಡಿರಬಹುದು: ಪೂರ್ತಿ ಬಿಚ್ಚಿದಾಗ ಇಷ್ಟು ವಾಟ್, ಸುತ್ತಿದ್ದಾಗ ಇಷ್ಟು ವಾಟ್ ಎಂದು. ಸುತ್ತಿದ್ದಾಗಿನ ಅಂಕಿ ಬಹಳ ಕಡಿಮೆ ಇರುತ್ತದೆ.

ಹಾಗಾಗಿ ನಿಯಮ ಒಂದೇ: ಹೀಟರ್ ನೇರವಾಗಿ ಗೋಡೆಯ ಪವರ್ ಸಾಕೆಟ್ಟಿಗೆ. ಸಾಕೆಟ್ ದೂರವಿದ್ದರೆ ಕುರ್ಚಿ ಸರಿಸಿ, ಹೀಟರಿನ ಬಳಿಗೆ ನೀವು ಹೋಗಿ. ದೊಡ್ಡ ಪಿನ್ನಿನ ಪ್ಲಗ್ಗನ್ನು ಸಣ್ಣ ಸಾಕೆಟ್ಟಿಗೆ ಹೊಂದಿಸುವ ಕನ್ವರ್ಷನ್ ಪ್ಲಗ್‌ಗಳು ಸಿಗುತ್ತವಲ್ಲ, ಅವುಗಳ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. 16 ಆಂಪಿಯರಿನ ಪಿನ್ನನ್ನು ದಪ್ಪಗೆ ಮಾಡಿರುವುದೇ ಅದು 6 ಆಂಪಿಯರಿನ ಸಾಕೆಟ್ಟಿಗೆ ಹೋಗಬಾರದೆಂದು. ಆ ತಡೆಯನ್ನು ದಾಟಿಸಿಕೊಡುವುದಷ್ಟೇ ಕನ್ವರ್ಷನ್ ಪ್ಲಗ್‌ನ ಕೆಲಸ. 8.7 ಆಂಪಿಯರ್ ಎಳೆಯುವ ಹೀಟರನ್ನು 6ರ ಸಾಕೆಟ್ಟಿಗೆ ಯಾವ ಹಾದಿಯಿಂದಲೂ ಹಾಕಬೇಡಿ. ಮೊಬೈಲ್‌ನಿಂದ ಆನ್ ಮಾಡುವ ಸ್ಮಾರ್ಟ್ ಪ್ಲಗ್, ಟೈಮರ್ ಇವೂ ಬೇಡ. ಅವುಗಳಲ್ಲಿ ಬಹಳಷ್ಟಕ್ಕೆ ಇಷ್ಟು ಲೋಡ್ ಗಂಟೆಗಟ್ಟಲೆ ತಡೆಯುವ ಶಕ್ತಿಯಿಲ್ಲ. ಮೇಲಾಗಿ ಮನೆಯಲ್ಲಿ ಯಾರೂ ಇಲ್ಲದಾಗ, ಹೀಟರಿನ ಮೇಲೆ ಟವೆಲ್ ಬಿದ್ದಿದೆಯೋ ಇಲ್ಲವೋ ತಿಳಿಯದೆ ದೂರದಿಂದ ಆನ್ ಮಾಡುವುದು ಅಪಾಯ. ಇನ್ವರ್ಟರ್‌ನ ಲೈನಿಗಂತೂ ಹೀಟರ್ ತಾಗಿಸಲೇಬೇಡಿ.

ಯಾವ ಸಾಕೆಟ್ ಯಾವ ಎಂಸಿಬಿಗೆ ಸೇರಿದೆ ಎಂದು ಗೊತ್ತುಮಾಡಿಕೊಳ್ಳಲು ಒಂದು ಹಗಲು ಸಾಕು. ಮೇನ್ ಬೋರ್ಡ್‌ನಲ್ಲಿ ಒಂದು ಎಂಸಿಬಿ ಇಳಿಸಿ, ಟೇಬಲ್ ಲ್ಯಾಂಪ್ ಹಿಡಿದು ಒಂದೊಂದೇ ಸಾಕೆಟ್ಟಿಗೆ ಹಾಕಿ ನೋಡುತ್ತಾ ಹೋಗಿ. ದೀಪ ಹತ್ತದ ಸಾಕೆಟ್ಟುಗಳೆಲ್ಲ ಆ ಎಂಸಿಬಿಯವು. ಬರೆದು ಬೋರ್ಡ್‌ನ ಬಾಗಿಲ ಒಳಗೆ ಅಂಟಿಸಿ. ಒಂದೇ ಕೋಣೆಯ ಎರಡು ಗೋಡೆಗಳ ಸಾಕೆಟ್ಟುಗಳು ಹೆಚ್ಚಾಗಿ ಒಂದೇ ಲೈನಿನವು, ಎರಡು ಕೋಣೆಗಳವೂ ನಿಮ್ಮಲ್ಲಿ ಆದಂತೆ ಒಂದೇ ಇರಬಹುದು. ಹೀಟರ್ ಹಾಕುವ ಲೈನಿನಲ್ಲಿ ಫ್ರಿಜ್, ಮೈಕ್ರೊವೇವ್, ಗೀಸರ್, ಇಸ್ತ್ರಿಪೆಟ್ಟಿಗೆ ಇವಾವುದೂ ಆ ಹೊತ್ತಿನಲ್ಲಿ ನಡೆಯದಂತೆ ನೋಡಿಕೊಳ್ಳಿ. ಒಟ್ಟು ಲೋಡ್ ಎಂಸಿಬಿಯ ಅಂಕಿಯ ನೂರಕ್ಕೆ 80ರೊಳಗೆ, ಅಂದರೆ 16ರ ಲೈನಿಗೆ 13 ಆಂಪಿಯರಿನೊಳಗೆ ಇದ್ದರೆ ಒಳ್ಳೆಯದು.

ಅಮೆರಿಕ, ಕೆನಡಾದಲ್ಲಿರುವ ಓದುಗರಿಗೆ ಲೆಕ್ಕ ಇನ್ನೂ ಬಿಗಿ. ಅಲ್ಲಿ 120 ವೋಲ್ಟ್, ಹೀಟರ್ ಸಾಮಾನ್ಯವಾಗಿ 1500 ವಾಟ್, ಅಂದರೆ 12.5 ಆಂಪಿಯರ್. ಮಲಗುವ ಕೋಣೆಯ ಸರ್ಕಿಟ್ ಹೆಚ್ಚಾಗಿ 15 ಆಂಪಿಯರ್. ಮೂರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ನಡೆಯುವ ಲೋಡ್‌ಗೆ ನೂರಕ್ಕೆ 80 ಎಂಬುದು ಅಮೆರಿಕದ ವೈರಿಂಗ್ ನಿಯಮದಲ್ಲೇ ಇದೆ, 15ಕ್ಕೆ ಅದು 12 ಆಂಪಿಯರ್. ಒಂದು ಹೀಟರ್ ಹಾಕಿದರೆ ಆ ಸರ್ಕಿಟ್ ತುಂಬಿತು ಎಂದೇ ತಿಳಿಯಿರಿ. ಬೇರೇನನ್ನೂ ಅದಕ್ಕೆ ಹಾಕಬೇಡಿ.

ನಿಮಗೆ ಇನ್ನೊಂದು ಸುಲಭದ ದಾರಿಯಿದೆ, ಅದನ್ನು ಯಾರೂ ಬಳಸುವುದಿಲ್ಲ: ಹೀಟರಿನ ಮೇಲೆ ಇರುವ ಅರ್ಧ ಬಲದ ಗುಂಡಿ. 2000ದ ಬದಲು 1000 ವಾಟ್‌ನಲ್ಲಿ ನಡೆಸಿದರೆ ಕರೆಂಟು ಅರ್ಧವಾಗುತ್ತದೆ, ಪ್ಲಗ್‌ನ ಜೋಡಣೆಯಲ್ಲಿ ಹುಟ್ಟುವ ಶಾಖ ಕಾಲು ಭಾಗಕ್ಕೆ ಇಳಿಯುತ್ತದೆ. ಮೇಲೆ ಹೇಳಿದ ವರ್ಗದ ನಿಯಮ ಇಲ್ಲಿ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ಕೋಣೆಗೆ ಎಷ್ಟು ಬೇಕು ಎನ್ನುವುದಕ್ಕೆ ಒಂದು ಅಂದಾಜು, ಪ್ರತಿ ಚದರ ಮೀಟರಿಗೆ 100 ವಾಟ್. ಹತ್ತು ಚದರ ಮೀಟರಿನ ಕೋಣೆಗೆ 1000 ಸಾಕು. ಬಾಗಿಲ ಕೆಳಗಿನ ಸಂದು ಮುಚ್ಚಿ, ಕಿಟಕಿಗೆ ದಪ್ಪ ಪರದೆ ಹಾಕಿದರೆ ಇನ್ನೂ ಕಡಿಮೆಯಲ್ಲೇ ಆಗುತ್ತದೆ. ಶುರುವಿಗೆ ಹದಿನೈದಿಪ್ಪತ್ತು ನಿಮಿಷ ಪೂರ್ತಿ ಬಲದಲ್ಲಿ, ನಂತರ ಅರ್ಧದಲ್ಲಿ ನಡೆಸಿ ನೋಡಿ. ಯಾವ ಮಾದರಿಯ ಹೀಟರ್ ಕಡಿಮೆ ಕರೆಂಟಿನಲ್ಲಿ ಹೆಚ್ಚು ಬಿಸಿ ಕೊಡುತ್ತದೆ ಎಂದು ಹುಡುಕಲು ಹೋಗಬೇಡಿ. ಕಾಯಿಲ್, ರಾಡ್, ಸೆರಾಮಿಕ್, ಆಯಿಲ್, ಎಲ್ಲದರಲ್ಲೂ 1000 ವಾಟ್ ಒಳಗೆ ಹೋದರೆ 1000 ವಾಟ್ ಶಾಖವೇ ಹೊರಗೆ ಬರುವುದು. ವ್ಯತ್ಯಾಸವಿರುವುದು ಆ ಶಾಖ ಹೇಗೆ ಹಂಚಿಕೆಯಾಗುತ್ತದೆ, ಎಷ್ಟು ಅಪಾಯದ್ದು ಎನ್ನುವುದರಲ್ಲಿ.

ಅಮ್ಮನ ಕೋಣೆಯ ಮಾತು ಇಲ್ಲಿಗೇ ಬರುತ್ತದೆ. ರಾಡ್ ಹೀಟರ್ ರಾತ್ರಿಯಿಡೀ ಬೇಡ. ಕೆಂಪಗೆ ಕಾದ ರಾಡ್ ತನ್ನ ಎದುರಿಗೆ ಏನಿದೆಯೋ ಅದನ್ನು ನೇರವಾಗಿ ಕಾಯಿಸುತ್ತದೆ. ನಿದ್ದೆಯಲ್ಲಿ ಹೊದಿಕೆಯ ಅಂಚು ಜಾರಿ ಜಾಲರಿಗೆ ತಾಗಿದರೆ ಎಚ್ಚರವಾಗುವಷ್ಟರಲ್ಲಿ ಹೊಗೆ ತುಂಬಿರುತ್ತದೆ. ಇನ್ನೊಂದು ವಿಷಯವೂ ಇದೆ. ವಯಸ್ಸಾದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಂತೆ ಇರುವವರಿಗೆ ಸುಡುವುದು ಗೊತ್ತಾಗುವುದಿಲ್ಲ. ಕಾಲು ಬೆಚ್ಚಗಿರಲೆಂದು ಹತ್ತಿರ ಚಾಚಿ ಕೂತವರಿಗೆ ಬೊಬ್ಬೆ ಎದ್ದದ್ದು ಮರುದಿನವೇ ಕಾಣುವುದು. ದಿನವೂ ಅದೇ ಜಾಗಕ್ಕೆ ಶಾಖ ಬಿದ್ದರೆ ಚರ್ಮದ ಮೇಲೆ ಬಲೆಯಂತಹ ಕಂದು ಗೆರೆಗಳೂ ಮೂಡುತ್ತವೆ.

ಅವರ ಕೋಣೆಗೆ ಥರ್ಮೋಸ್ಟಾಟ್ ಇರುವ ಆಯಿಲ್ ಹೀಟರ್ ಒಳ್ಳೆಯದು. ಅದರಲ್ಲಿ ತೆರೆದ ಕಾಯಿಲ್ ಇಲ್ಲ, ಎಣ್ಣೆ ಒಳಗೇ ಮುಚ್ಚಿರುತ್ತದೆ, ಉರಿಯುವುದಿಲ್ಲ, ಖರ್ಚಾಗುವುದಿಲ್ಲ. ಕಾಯಲು ನಿಧಾನ, ತಣಿಯಲೂ ನಿಧಾನ. ಮಲಗುವ ಒಂದು ಗಂಟೆ ಮೊದಲೇ ಹಾಕಿ ಕೋಣೆ ಬೆಚ್ಚಗೆ ಮಾಡಿ, ಮಲಗುವಾಗ ಆಫ್ ಮಾಡಿದರೂ ಬಹಳ ಹೊತ್ತು ಬಿಸಿ ಉಳಿದಿರುತ್ತದೆ. ನನ್ನ ಆಯ್ಕೆ ಅದೇ. ತೀರಾ ಚಳಿಯಿದ್ದು ರಾತ್ರಿ ಬೇಕೇ ಬೇಕು ಎಂದರೆ ಆಯಿಲ್ ಹೀಟರ್ ಮಾತ್ರ, ಕಡಿಮೆ ಬಲದಲ್ಲಿ, ಬಿಗಿಯಾದ ಗೋಡೆಯ ಸಾಕೆಟ್ಟಿನಲ್ಲಿ, ಹಾಸಿಗೆಯಿಂದ ಒಂದು ಮೀಟರ್ ದೂರದಲ್ಲಿ, ಜೊತೆಗೆ ಕೋಣೆಯಲ್ಲಿ ಹೊಗೆ ಕಂಡರೆ ಕೂಗುವ ಸ್ಮೋಕ್ ಅಲಾರ್ಮ್ ಇರಲಿ. ಈ ಒಂದು ಮೀಟರ್ ಎಲ್ಲ ಹೀಟರಿಗೂ, ಎಲ್ಲ ದಿಕ್ಕಿಗೂ ಅನ್ವಯಿಸುತ್ತದೆ: ಪರದೆ, ಸೋಫಾ, ಪೇಪರ್, ಒಗೆದ ಬಟ್ಟೆ. ಒದ್ದೆ ಬಟ್ಟೆಯನ್ನು ಹೀಟರಿನ ಮೇಲೆ ಒಣಹಾಕುವುದು ಬೇಡವೇ ಬೇಡ, ಆಯಿಲ್ ಹೀಟರ್ ಮೇಲೆಯೂ. ಹೀಟರ್ ಇರಬೇಕಾದದ್ದು ಗಟ್ಟಿ ನೆಲದ ಮೇಲೆ. ಸ್ಟೂಲು, ಮೇಜು, ಹಾಸಿಗೆಯ ಮೇಲಲ್ಲ. ಕೊಳ್ಳುವಾಗ ಉರುಳಿದರೆ ತಾನೇ ಆಫ್ ಆಗುವ ಸ್ವಿಚ್ ಇದೆಯೇ ಎಂದು ಕೇಳಿ, ತಂದ ದಿನವೇ ಆನ್ ಮಾಡಿ ಮೆಲ್ಲಗೆ ವಾಲಿಸಿ ಪರೀಕ್ಷಿಸಿ.

ಆಮ್ಲಜನಕದ ಪ್ರಶ್ನೆಗೆ ಉತ್ತರ: ಇಲ್ಲ, ವಿದ್ಯುತ್ ಹೀಟರ್ ಆಮ್ಲಜನಕ ಸುಡುವುದಿಲ್ಲ. ಅಲ್ಲಿ ಏನೂ ಉರಿಯುವುದಿಲ್ಲ, ಲೋಹ ಕಾಯುತ್ತದೆ ಅಷ್ಟೇ. ಇದ್ದಿಲು, ಗ್ಯಾಸ್, ಸೀಮೆಎಣ್ಣೆಯ ಒಲೆಗಳ ವಿಷಯ ಬೇರೆ. ಅವು ಆಮ್ಲಜನಕ ತಿಂದು ಕಾರ್ಬನ್ ಮಾನಾಕ್ಸೈಡ್ ಬಿಡುತ್ತವೆ, ಬಣ್ಣವಿಲ್ಲದ, ವಾಸನೆಯಿಲ್ಲದ ಆ ಅನಿಲ ಮುಚ್ಚಿದ ಕೋಣೆಯಲ್ಲಿ ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ಕರೆಂಟು ಹೋದಾಗ ಕೋಣೆಯೊಳಗೆ ಕೆಂಡ ತಂದಿಡಬೇಡಿ. ಹಾಗಾದರೆ ಹೀಟರ್ ಹಾಕಿದಾಗ ಗಂಟಲು ಒಣಗುವುದು, ಕಣ್ಣು ಉರಿಯುವುದು ಏಕೆ? ಬಿಸಿಯಾದ ಗಾಳಿ ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು, ಆದರೆ ಕೋಣೆಯಲ್ಲಿ ಇರುವ ನೀರಾವಿ ಅಷ್ಟೇ. 10 ಡಿಗ್ರಿಯಲ್ಲಿ ನೂರಕ್ಕೆ 80 ಇದ್ದ ಸಾಪೇಕ್ಷ ಆರ್ದ್ರತೆ ಅದೇ ಗಾಳಿಯನ್ನು 20 ಡಿಗ್ರಿಗೆ ಕಾಯಿಸಿದರೆ 43ರ ಆಸುಪಾಸಿಗೆ ಇಳಿಯುತ್ತದೆ. ಅದಕ್ಕೇ ಒಣಗಿದಂತೆ ಅನಿಸುವುದು. ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಟ್ಟರೆ ಸ್ವಲ್ಪ ಹಿತವೆನಿಸುತ್ತದೆ, ಆದರೆ ಆ ಪಾತ್ರೆ ಹೀಟರಿನ ಮೇಲೂ ಬೇಡ, ಪಕ್ಕದಲ್ಲೂ ಬೇಡ, ಕೋಣೆಯ ಇನ್ನೊಂದು ಮೂಲೆಯಲ್ಲಿರಲಿ. ನೀರು ಹೀಟರಿಗೆ ಚೆಲ್ಲಿದರೆ ಶಾಕ್ ಹೊಡೆಯಬಹುದು.

ಶಾಕ್ ಎಂದಾಗ ಅರ್ಥಿಂಗ್ ನೆನಪಾಯಿತು. ಲೋಹದ ಮೈಯ ಹೀಟರಿಗೆ ಮೂರನೆಯ ಪಿನ್ ಅಲಂಕಾರಕ್ಕಿಲ್ಲ. ಒಳಗಿನ ವೈರ್ ಬಿಚ್ಚಿ ಮೈಗೆ ತಾಗಿದರೆ ಕರೆಂಟನ್ನು ನಿಮ್ಮ ಬದಲು ನೆಲಕ್ಕೆ ಕರೆದೊಯ್ಯುವುದು ಅದೇ. ಅದನ್ನು ಕತ್ತರಿಸುವುದು, ಎರಡು ಪಿನ್ನಿನ ಪ್ಲಗ್ ಕಟ್ಟುವುದು ಮಾಡಬೇಡಿ. ಬೋರ್ಡ್‌ನಲ್ಲಿ ಕರೆಂಟು ನೆಲಕ್ಕೋ ಮೈಗೋ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೆ ಶಾಕ್‌ನಿಂದ ಕಾಪಾಡುತ್ತದೆ, ಅದರ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಿ. ಆದರೆ ಓವರ್‌ಲೋಡ್ ಆಗಲಿ, ಲೂಸ್ ಕಾಂಟ್ಯಾಕ್ಟ್ ಆಗಲಿ ಅದಕ್ಕೂ ಕಾಣುವುದಿಲ್ಲ. ಪ್ಲಗ್‌ನಿಂದ ಹೊಗೆ ಬಂದರೆ ಸಾಕೆಟ್ ಹತ್ತಿರ ಕೈ ಹಾಕದೆ ಮೇನ್ ಸ್ವಿಚ್ ಇಳಿಸಿ. ನೀರು ಎರಚಬೇಡಿ. ಹೊಗೆ ಹೆಚ್ಚಾದರೆ ಅಮ್ಮನನ್ನು ಕರೆದುಕೊಂಡು ಮೊದಲು ಹೊರಗೆ ಬನ್ನಿ, ಅಗ್ನಿಶಾಮಕದವರಿಗೆ ಆಮೇಲೆ ಫೋನ್ ಮಾಡಿ.

ಇವತ್ತೇ ಮಾಡಬಹುದಾದದ್ದು ಇಷ್ಟು: ಹಾಲ್‌ನ ಹೀಟರ್ ಗೋಡೆಯ ಪವರ್ ಸಾಕೆಟ್ಟಿಗೆ, 1000 ವಾಟ್‌ನಲ್ಲಿ. ಹೀಟರ್ ನಡೆಯುವಾಗ ಇಸ್ತ್ರಿ ಬೇಡ. ಬಿಸಿಯಾಗುತ್ತಿದ್ದ ಆ ಎಕ್ಸ್‌ಟೆನ್ಷನ್ ಬಾಕ್ಸ್ ಬಳಸಬೇಡಿ, ಅದರ ಒಳಗಿನ ಸ್ಪ್ರಿಂಗ್ ಈಗಾಗಲೇ ಸೋತಿರುತ್ತದೆ, ಟಿವಿಗೆ ಬೇರೆಯದು ತನ್ನಿ. ಆ ಹಳೆಯ ಬಾಕ್ಸ್‌ನ ಪ್ಲಗ್ ಹಾಕಿದ್ದ ಗೋಡೆಯ ಸಾಕೆಟ್ಟನ್ನೂ ಬದಲಾಯಿಸಿ.

ನಂತರ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ. ಎಂಸಿಬಿ ದೊಡ್ಡದು ಮಾಡಿಕೊಡಿ ಎನ್ನಬೇಡಿ, ಅಮ್ಮನ ಕೋಣೆಗೆ ಪ್ರತ್ಯೇಕ ಪವರ್ ಲೈನ್ ಎಳೆದುಕೊಡಿ ಎನ್ನಿ. ಮೇನ್ ಬೋರ್ಡ್‌ನಿಂದ ನೇರವಾಗಿ, ಸಾಧ್ಯವಾದರೆ 4 ಚದರ ಮಿಲಿಮೀಟರಿನ ತಾಮ್ರದ ವೈರ್, ನಡುವೆ ಎಲ್ಲೂ ಜಾಯಿಂಟ್ ಇರದಂತೆ, ಕೊನೆಯಲ್ಲಿ ಒಂದೇ ಒಂದು 16 ಆಂಪಿಯರಿನ ಸಾಕೆಟ್, ಅದಕ್ಕೆ ತನ್ನದೇ ಒಂದು 16ರ ಎಂಸಿಬಿ. ಬಂದವರು ಬೋರ್ಡ್ ತೆರೆದಾಗ ಎಲ್ಲ ಎಂಸಿಬಿಗಳ ಸ್ಕ್ರೂಗಳನ್ನು, ನ್ಯೂಟ್ರಲ್ ಮತ್ತು ಅರ್ಥ್ ಪಟ್ಟಿಯ ಸ್ಕ್ರೂಗಳನ್ನು ಒಮ್ಮೆ ಬಿಗಿ ಮಾಡಿಸಿ, ವರ್ಷಗಳು ಕಳೆದಂತೆ ಅವೂ ಸಡಿಲವಾಗಿರುತ್ತವೆ. ಮನೆ ಬಹಳ ಹಳೆಯದಾಗಿದ್ದು ಅಲ್ಯೂಮಿನಿಯಂ ವೈರ್ ಇದ್ದರೆ ಅದನ್ನು ತಪ್ಪದೆ ಹೇಳಿ. ಅಲ್ಯೂಮಿನಿಯಂ ಸ್ಕ್ರೂವಿನ ಕೆಳಗೆ ಒತ್ತಡಕ್ಕೆ ಜರುಗುತ್ತಾ ಹೋಗುತ್ತದೆ, ಮೇಲೆ ಕರೆಂಟು ಹರಿಯಲು ಬಿಡದ ಪದರವೂ ಕಟ್ಟುತ್ತದೆ. ಅಂಥ ವೈರಿಂಗ್ ಇರುವ ಸಾಕೆಟ್ಟಿಗೆ, ವೈರ್ ಬದಲಾಗುವವರೆಗೆ, 1000 ವಾಟ್‌ನ ಹೀಟರ್ ಕೂಡ ಹಾಕಬೇಡಿ.